ನಿಯಮ ಕಲಿಯುವ ಹೊಣೆ ಡಂಜನ್ ಮಾಸ್ಟರ್ ಒಬ್ಬರದೇ ಅಲ್ಲ

ಮಾನ್ಯ ಸಂಪಾದಕರೇ,

ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಬೆಂಗಳೂರಿನಲ್ಲೂ ಆಡುವವರಿದ್ದಾರೆ. ಆಟ ನಡೆಸುವ ಡಂಜನ್ ಮಾಸ್ಟರ್‌ಗೆ ನಿಯಮಗಳು ಗೊತ್ತಿದ್ದರೆ ಸಾಕು, ಉಳಿದವರು ತೋಚಿದ್ದನ್ನು ಹೇಳಿ ದಾಳ ಹಾಕಿದರಾಯಿತು ಎಂಬ ಭಾವನೆ ಆಟಗಾರರಲ್ಲಿ ಅನೇಕರಿಗಿದೆ. ಇದು ಸರಿಯಲ್ಲವೆಂದು ಒತ್ತಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಈ ಆಟ ಹೊರಬಂದಾಗ ನಿಯಮಗಳು ಮೂರು ಕಿರುಪುಸ್ತಕಗಳಲ್ಲಿ ಅಡಕವಾಗಿದ್ದವು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಒಂದೇ 384 ಪುಟಗಳಷ್ಟಿದೆ. ಕಥೆಯ ಹಂದರ, ಊರವರ ಮಾತುಕತೆ, ರಾಕ್ಷಸರ ಬಲಾಬಲ ಇವೆಲ್ಲವನ್ನೂ ತಲೆಯಲ್ಲಿಟ್ಟುಕೊಂಡ ಮಾಸ್ಟರ್ ಐದು ಜನ ಆಟಗಾರರ ಮಂತ್ರಗಳನ್ನೂ ಕಂಠಪಾಠ ಮಾಡಿಕೊಂಡು ಬರಲಿ ಎನ್ನುವುದು ಆಗದ ಮಾತು. ತಾಳಮದ್ದಳೆಯಲ್ಲಿ ಅರ್ಥ ಹೇಳುವವರು ಪ್ರಸಂಗವನ್ನು ಓದಿಕೊಂಡೇ ಕೂರುತ್ತಾರೆ. ಭಾಗವತರು ಪಕ್ಕದಲ್ಲಿದ್ದಾರೆಂದು ಪದ್ಯವನ್ನೇ ನೋಡದೆ ಬರುವುದಿಲ್ಲ.

ಆಟಗಾರರು ಇಡೀ ಪುಸ್ತಕವನ್ನು ಅರೆದು ಕುಡಿಯಬೇಕಿಲ್ಲ, ತಮ್ಮ ಕ್ಯಾರೆಕ್ಟರ್ ಶೀಟಿನಲ್ಲಿ, ಅಂದರೆ ಪಾತ್ರದ ವಿವರ ಬರೆದಿಟ್ಟ ಹಾಳೆಯಲ್ಲಿ, ಇರುವುದನ್ನು ಪೂರ್ತಿ ತಿಳಿದಿರಬೇಕು. ಫೈರ್‌ಬಾಲ್ ಮಂತ್ರ 20 ಅಡಿ ತ್ರಿಜ್ಯದೊಳಗೆ ಇರುವವರನ್ನೆಲ್ಲ, ಸ್ವಂತ ಗೆಳೆಯರನ್ನೂ ಸೇರಿಸಿ, ಸುಡುತ್ತದೆ. ಆರು ಮುಖದ ಎಂಟು ದಾಳಗಳ ಮೊತ್ತದಷ್ಟು ಪೆಟ್ಟು ಬೀಳುತ್ತದೆ. ಇದನ್ನು ತನ್ನ ಸರದಿ ಬಂದ ಮೇಲೆ ಪುಟ ತಿರುವಿ ಹುಡುಕುವ ಮಂತ್ರವಾದಿಗಾಗಿ ಉಳಿದವರೆಲ್ಲ ಕಾಯುತ್ತ ಕೂರಬೇಕಾಗುತ್ತದೆ. ತಮಗೆ ಅನುಕೂಲವಾದ ನಿಯಮವನ್ನಷ್ಟೇ ನೆನಪಿಟ್ಟುಕೊಳ್ಳುವುದೂ ತರವಲ್ಲ. ಕಾನ್ಸಂಟ್ರೇಷನ್ (ಏಕಾಗ್ರತೆ) ಬೇಡುವ ಮಂತ್ರ ನಡೆಯುತ್ತಿರುವಾಗ ಏಟು ಬಿದ್ದರೆ ಅದನ್ನು ಉಳಿಸಿಕೊಳ್ಳಲು ದಾಳ ಹಾಕಬೇಕೆಂಬುದನ್ನು, ಮಾಸ್ಟರ್ ಮರೆತಿದ್ದರೂ, ಆಟಗಾರರೇ ಬಾಯಿಬಿಟ್ಟು ಹೇಳಬೇಕು.

ಎಲ್ಲರಿಗೂ ಸಮಾನವಾಗಿ ಗೊತ್ತಿರಲೇಬೇಕಾದದ್ದು ಪಾತ್ರದ ಸಾವು ಬದುಕಿನ ನಿಯಮ. ಹಿಟ್ ಪಾಯಿಂಟ್, ಅಂದರೆ ಪೆಟ್ಟು ಬಿದ್ದಂತೆ ಕರಗುವ ಪ್ರಾಣಬಲದ ಅಂಕ, ಸೊನ್ನೆಗೆ ಇಳಿದ ಪಾತ್ರಕ್ಕೆ ಪ್ರತಿ ಸರದಿಯಲ್ಲೂ ಇಪ್ಪತ್ತು ಮುಖದ ದಾಳ ಹಾಕಬೇಕು. 10 ಅಥವಾ ಹೆಚ್ಚು ಬಿದ್ದರೆ ಗೆಲುವು, ಕಡಿಮೆಯಾದರೆ ಸೋಲು, ಮೂರು ಸೋಲಾದರೆ ಸಾವು. 1 ಬಿದ್ದರೆ ಎರಡು ಸೋಲೆಂದು ಲೆಕ್ಕ. ತಿಂಗಳುಗಟ್ಟಲೆ ಪ್ರೀತಿಯಿಂದ ಬೆಳೆಸಿದ ಪಾತ್ರ ಈ ಲೆಕ್ಕದಲ್ಲಿ ಹೋಗುವಾಗ, ಆ ನಿಯಮವನ್ನು ಆಟಗಾರರು ಮೊದಲ ಬಾರಿಗೆ ಕೇಳುವಂತಾದರೆ ಅವರಿಗೆ ಮೋಸವಾದಂತೆ ಅನ್ನಿಸುವುದು ಸಹಜ.

ಮಾಸ್ಟರ್‌ಗಳಿಗೂ ಹೊಣೆಯಿದೆ. ಸಂದೇಹ ಬಂದಲ್ಲಿ ಅರ್ಧ ಗಂಟೆ ಪುಸ್ತಕ ಹುಡುಕುವ ಬದಲು ಆ ಕ್ಷಣಕ್ಕೆ ನ್ಯಾಯವೆನಿಸಿದ ತೀರ್ಮಾನ ಕೊಟ್ಟು, ಆಟ ಮುಗಿದ ಮೇಲೆ ಪುಸ್ತಕ ನೋಡಿ, ಮುಂದಿನ ಸಲ ತಿದ್ದಿಕೊಂಡರೆ ಸಾಕು. ನಿಯಮ ಬದಲಿಸುವ ಅಧಿಕಾರ ಅವರಿಗೆ ಉಂಟು, ನಿಜ; ಆದರೆ ಮೂಲ ನಿಯಮವನ್ನು ಅರಿಯದೆ ಬದಲಿಸಿದರೆ ಒಬ್ಬರ ಪಾತ್ರ ಸುಮ್ಮನೆ ದುರ್ಬಲವಾಗಿಬಿಡುತ್ತದೆ. ಬದಲಿಸಿದ್ದನ್ನು ಆಟ ಶುರುವಾಗುವ ಮುನ್ನವೇ ಎಲ್ಲರಿಗೂ ತಿಳಿಸಬೇಕು.

ಪುಸ್ತಕ ದುಬಾರಿ ಎಂಬ ಕಾರಣ ಈಗ ನಿಲ್ಲದು. ಆಟದ ಮೂಲ ನಿಯಮಗಳ ದಸ್ತಾವೇಜನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಉಚಿತವಾಗಿ ಬಿಡುಗಡೆ ಮಾಡಲಾಗಿದೆ. ಮೂಲವನ್ನು ಹೆಸರಿಸಿದರೆ ಯಾರು ಬೇಕಾದರೂ ಅದನ್ನು ಅನುವಾದಿಸಬಹುದು. ಇಂಗ್ಲಿಷ್ ಓದುವುದು ಕಷ್ಟವೆನ್ನುವ ಗೆಳೆಯರಿಗಾಗಿ, ಕನಿಷ್ಠ ಕಾಳಗದ ಅಧ್ಯಾಯವನ್ನಾದರೂ ಆಟ ಬಲ್ಲವರು ಕನ್ನಡಕ್ಕೆ ತರಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ, ಬೆಂಗಳೂರು