ಹೊಲ ಮಾರಬೇಡ, ಅಣ್ಣ

ಬ್ರಿಸ್ಟಲ್

ಅಣ್ಣನಿಗೆ ಶರಣು. ಇಲ್ಲಿ ಎಲ್ಲರೂ ಅರಾಮ. ಅವ್ವನಿಗೂ ವೈನಿಗೂ ಶರಣು ಹೇಳು.

ನಿನ್ನ ಮಗ ಬಸು ಇಲ್ಲಿ ರಗ್ಬಿ ಆಟದಲ್ಲಿ ಒಬ್ಬನ ಕಾಲರ್ ಮೂಳೆ ಮುರಿದ, ಕೆಂಪು ಕಾರ್ಡ್ ಬಿತ್ತು, ಇನ್ನು ಜೈಲೇ ಗತಿ ಅಂತ ಕಾಲುವೆ ಪಕ್ಕದ ಹೊಲ ಮಾರಲು ಹೊರಟಿದ್ದೀಯಂತೆ. ಮಾರಬೇಡ. ಗಂಗಾವತಿಯ ವಕೀಲರು ‘ಮೂಳೆ ಮುರಿದರೆ 7 ವರ್ಷ’ ಅಂದದ್ದು ನಮ್ಮ ನ್ಯಾಯ ಸಂಹಿತೆಯ 117ನೇ ಕಲಂ. ಅದು ಇಲ್ಲಿ ನಡೆಯುವುದಿಲ್ಲ.

ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ದೇಹಕ್ಕೆ ಗಾಯ ಮಾಡುವ ಅಪರಾಧಗಳ 1861ರ ಕಾಯ್ದೆಯ 20ನೇ ಕಲಂ ಇದೆ, ಹೆಚ್ಚೆಂದರೆ 5 ವರ್ಷ. ಆದರೆ ಮೈದಾನಕ್ಕಿಳಿದವನು ಆಟದಲ್ಲಿ ಸಹಜವಾಗಿ ಬೀಳುವ ಪೆಟ್ಟಿಗೆ ಒಪ್ಪಿಯೇ ಇಳಿದಿರುತ್ತಾನೆ. 2004ರ ಬಾರ್ನ್ಸ್ ಪ್ರಕರಣ ಫುಟ್‌ಬಾಲಿನದು, ರಗ್ಬಿಗೂ ಅದೇ ಅಳತೆಗೋಲು. ನಿಯಮ ಮುರಿದು ಕೆಂಪು ಕಾರ್ಡ್ ಬಿದ್ದ ಮಾತ್ರಕ್ಕೆ ಅಪರಾಧವಾಗುವುದಿಲ್ಲ, ಆಟದ ಮಿತಿಯನ್ನೇ ಮೀರಿದ ಗಂಭೀರ ಕೃತ್ಯವಾಗಿರಬೇಕು ಅಂತ ಮೇಲ್ಮನವಿ ಕೋರ್ಟ್ ಹೇಳಿದೆ. 1978ರಲ್ಲಿ ಬಿಲಿಂಗ್‌ಹರ್ಸ್ಟ್ ಎಂಬ ರಗ್ಬಿ ಆಟಗಾರನಿಗೆ ಶಿಕ್ಷೆ ಆಯಿತು ನಿಜ. ಅವನು ಚೆಂಡು ಎಲ್ಲೋ ಇದ್ದಾಗ ಮುಷ್ಟಿಯಿಂದ ಗುದ್ದಿ ದವಡೆ ಮುರಿದಿದ್ದ.

ಬಸುವಿನ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಚೆಂಡು ಆ ಹುಡುಗನ ಕೈಯಲ್ಲೇ ಇದೆ, ಸೀಟಿ ಊದಿಲ್ಲ, ಬಸುವಿನ ಎರಡೂ ತೋಳು ಅವನನ್ನು ಸುತ್ತಿವೆ. ತಪ್ಪಾದದ್ದು ಎತ್ತರದಲ್ಲಿ. ಕ್ಲಬ್ ಮಟ್ಟದ ಆಟದಲ್ಲಿ 2023ರಿಂದ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯುವಂತಿಲ್ಲ. ಇವನ ಭುಜ ಎದೆಯಿಂದ ಜಾರಿ ಕೆನ್ನೆಗೆ ತಾಗಿತು. ಮೂಳೆ ಮುರಿದದ್ದು ಆ ಹುಡುಗ ಭುಜದ ಮೇಲೆ ಬಿದ್ದದ್ದರಿಂದ. ಕಬಡ್ಡಿಯಲ್ಲಿ ರೈಡರ್‌ನನ್ನು ಕೆಡವಿದಾಗ ಆದಹಾಗೆ, ಅಷ್ಟೇ.

ರಗ್ಬಿಯ ಶಿಸ್ತು ಸಮಿತಿ ಮಾತ್ರ ಬಿಡುವುದಿಲ್ಲ. ತಲೆಗೆ ತಾಗಿದ್ದರೆ ಆಟದಿಂದ ನಿಷೇಧದ ಲೆಕ್ಕ 6 ವಾರದಿಂದ ಶುರು. ತಪ್ಪೊಪ್ಪಿಕೊಂಡು, ಹಿಂದಿನ ದಾಖಲೆ ಚೆನ್ನಾಗಿದ್ದರೆ ಅರ್ಧದವರೆಗೆ ಕಡಿಮೆ. ಅಲ್ಲಿ ಕೊಡುವ ಹೇಳಿಕೆಯಲ್ಲಿ ನಡೆದದ್ದನ್ನಷ್ಟೇ ಬರೆ ಅಂತ ಬಸುವಿಗೆ ಹೇಳಿದ್ದೇನೆ, ನಾಳೆ ಅದು ಕೋರ್ಟಿಗೂ ಹೋಗಬಹುದು. ವಾಟ್ಸಾಪಿನಲ್ಲಿ ಒಂದಕ್ಷರವೂ ಬೇಡ. ಪೊಲೀಸರು ‘ಸುಮ್ಮನೆ ಬಂದು ಮಾತಾಡು’ ಅಂದರೂ ವಕೀಲರಿಲ್ಲದೆ ಹೋಗಕೂಡದು. ಠಾಣೆಯ ವಿಚಾರಣೆಗೆ ಇಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ‘ಕಾಷನ್’, ಅಂದರೆ ಕೋರ್ಟಿಗೆ ಹೋಗದೆ ಪೊಲೀಸರೇ ಕೊಡುವ ಎಚ್ಚರಿಕೆ, ತಗೊಂಡು ಮುಗಿಸು ಅಂದರೆ ವಕೀಲರನ್ನು ಕೇಳದೆ ಸಹಿ ಹಾಕಬಾರದು. ಅದು ತಪ್ಪೊಪ್ಪಿಗೆ, ವೀಸಾ ಅರ್ಜಿಯಲ್ಲಿ ಬರೆಯಬೇಕಾಗುತ್ತದೆ. ಆಟದ ನಿಷೇಧಕ್ಕೆ ಆ ತೊಡಕಿಲ್ಲ.

ದುಡ್ಡಿನ ಮಾತು. ಆ ಹುಡುಗ 3 ವರ್ಷದೊಳಗೆ ಪರಿಹಾರದ ದಾವೆ ಹಾಕಬಹುದು. 2023ರಲ್ಲಿ ಹೈಕೋರ್ಟ್ ಮಹಿಳಾ ರಗ್ಬಿಯ ಒಬ್ಬ ಆಟಗಾರ್ತಿಯನ್ನು ಹೊಣೆ ಮಾಡಿತು. ಬಗ್ಗಿದ್ದ ಎದುರಾಳಿಯ ಮೇಲೆ ಸಿಟ್ಟಿನಿಂದ ಪೂರ್ತಿ ಭಾರ ಹಾಕಿ ಕೆಡವಿದ್ದಳು, ಆ ಎದುರಾಳಿಗೆ ಗಾಲಿಕುರ್ಚಿಯೇ ಗತಿಯಾಯಿತು. ಬಸುವಿನಲ್ಲಿ ಆ ಸಿಟ್ಟೂ ಇಲ್ಲ, ಆ ಹುಂಬತನವೂ ಇಲ್ಲ. ಕ್ಲಬ್ಬಿಗೆ ಹೊಣೆಗಾರಿಕೆ ವಿಮೆ ಇದೆ. ಬೇಕಂತಲೇ ಹೊಡೆದರೆ ವಿಮೆಯವರು ಕೈ ಎತ್ತಬಹುದು.

ಅಷ್ಟೆಲ್ಲ ಗುದ್ದಾಡಿದ ಮೇಲೆ ಎರಡೂ ತಂಡದವರು ಸಾಲಾಗಿ ನಿಂತು ಒಬ್ಬರಿಗೊಬ್ಬರು ಚಪ್ಪಾಳೆ ತಟ್ಟಿ, ಒಟ್ಟಿಗೆ ಕೂತು ಉಣ್ಣುವ ಆಟ ಅಣ್ಣ ಇದು. ಕೆಟ್ಟ ಸಹವಾಸ ಅಂತ ವೈನಿ ಅಳುವುದು ಬೇಡ. ಬಸು ಚೆನ್ನಾಗಿ ಉಣ್ಣುತ್ತಿದ್ದಾನೆ, ಓದುತ್ತಿದ್ದಾನೆ, ಏನೂ ಆಗುವುದಿಲ್ಲ. ಖಂಡಿತ ಏನೂ ಆಗುವುದಿಲ್ಲ. ಹೊಲಕ್ಕೆ ಮುಂಗಡ ಇಸಕೊಂಡಿದ್ದರೆ ಇವತ್ತೇ ವಾಪಸು ಕೊಡು.

ಬಸ್ಸಿಗೆ ಹೊತ್ತಾಯಿತು. ಅವ್ವನ ಬಿಪಿ ಗುಳಿಗೆ ತಪ್ಪಿಸಬೇಡ.

ನಿನ್ನ ತಮ್ಮ,
ಶರಣಪ್ಪ