ತಾಲ್ಲೂಕು ಕೋರ್ಟಿಗೂ ಒಬ್ಬ ವರದಿಗಾರರನ್ನು ಕಳಿಸಿ

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ಕೋರ್ಟ್ ಸುದ್ದಿ ಅಂದರೆ ಈಗ ಹೈಕೋರ್ಟ್, ಸುಪ್ರೀಂ ಕೋರ್ಟ್, ಇಲ್ಲವೇ ದೊಡ್ಡವರ ಜಾಮೀನು. ಕೆಳಗಿನ ಕೋರ್ಟುಗಳಿಗೆ ಕೊಲೆ ಕೇಸಿದ್ದರೆ ಮಾತ್ರ ವರದಿಗಾರರು ಬರುತ್ತಾರೆ. ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು ನಾನು. ಗೇಬ್ರಿಯಲೆ ಟೆರ್ಗಿಟ್ ಎಂಬ ಜರ್ಮನ್ ಪತ್ರಕರ್ತೆಯ ಬಗ್ಗೆ ಓದಿದ ಮೇಲೆ ಈ ಮಾತು ನಿಮಗೆ ಬರೆಯಲೇಬೇಕು ಅನ್ನಿಸಿತು.

ಟೆರ್ಗಿಟ್ 1894ರ ಮಾರ್ಚ್ 4ರಂದು ಬರ್ಲಿನ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದರು. ನಿಜ ಹೆಸರು ಎಲಿಸೆ ಹಿರ್ಷ್‌ಮನ್. ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವರು. ಆದರೂ ಅವರು ಹೋಗಿ ಕೂತದ್ದು ಬರ್ಲಿನ್‌ನ ಮೊವಾಬಿಟ್ ಬಡಾವಣೆಯ ಕ್ರಿಮಿನಲ್ ಕೋರ್ಟಿನಲ್ಲಿ. 'ಬರ್ಲಿನರ್ ಟಾಗೆಬ್ಲಾಟ್' ಪತ್ರಿಕೆಗೆ 1933ರವರೆಗೆ ಅಲ್ಲಿಂದ ವರದಿ ಬರೆದರು. ಮದುವೆಯ ಆಸೆ ತೋರಿಸಿ ದುಡ್ಡು ಹೊಡೆದವರು, ಗರ್ಭಪಾತ ಮಾಡಿಸಿಕೊಂಡು ಕಟಕಟೆ ಹತ್ತಿದ ಬಡ ಹೆಂಗಸರು, ಬೀದಿಯಲ್ಲಿ ಹೊಡೆದಾಡಿದ ಪಕ್ಷಗಳ ಹುಡುಗರು, ಎಲ್ಲರ ಬಗ್ಗೆಯೂ ಬರೆದರು. ರಾಜಕೀಯ ಕೊಲೆ ಮಾಡಿದ ಬಲಪಂಥೀಯರ ಮೇಲೆ ಜಡ್ಜುಗಳು ತೋರಿದ ಮೃದುತನವನ್ನೂ ಬಿಡಲಿಲ್ಲ. ಹಿಟ್ಲರ್ ಅದೇ ಕೋರ್ಟಿಗೆ ಬಂದದ್ದೂ ಅವರ ಬರಹದಲ್ಲಿದೆ. ದೇಶ ಎತ್ತ ಹೋಗುತ್ತಿದೆ ಅನ್ನುವುದು ಆ ಸಾಲುಬೆಂಚುಗಳಲ್ಲಿ ಕೂತವರಿಗೆ ಮೊದಲೇ ಕಾಣುತ್ತಿತ್ತು, ಅಲ್ವಾ?

1931ರಲ್ಲಿ ಅವರ ಮೊದಲ ಕಾದಂಬರಿ ಬಂತು. ಒಬ್ಬ ಸಾಧಾರಣ ಹಾಡುಗಾರನನ್ನು ಪತ್ರಿಕೆಗಳು ಸುಮ್ನೆ ಮೇಲಕ್ಕೆತ್ತಿ ಆಮೇಲೆ ಮರೆತುಬಿಡುವ ಕತೆ ಅದು. ಪತ್ರಿಕೆಯವರೆಲ್ಲ ಓದಬೇಕಾದದ್ದು.

1933ರಲ್ಲಿ ಅವರ ಹುಟ್ಟುಹಬ್ಬದ ದಿನವೇ, ಬೆಳಗಿನ ಜಾವ, ನಾಜಿ ಪಡೆಯವರು ಮನೆ ಬಾಗಿಲು ಒಡೆಯಲು ಬಂದರು. ಕಬ್ಬಿಣ ಹೊಡೆದ ಬಾಗಿಲು ತಡೆಯಿತು. ಕೂಡಲೇ ದೇಶ ಬಿಟ್ಟರು. ಚೆಕೊಸ್ಲೊವಾಕಿಯಾ, ಪ್ಯಾಲೆಸ್ಟೈನ್, 1938ರಿಂದ ಲಂಡನ್. ಬರ್ಲಿನ್‌ನ ಯಹೂದಿ ಮನೆತನಗಳ ಬಗ್ಗೆ ವರ್ಷಗಟ್ಟಲೆ ಬರೆದ ದೊಡ್ಡ ಕಾದಂಬರಿ 1951ರಲ್ಲಿ ಅಚ್ಚಾಯಿತು. ಜಾಸ್ತಿ ಜನ ಓದಲೇ ಇಲ್ಲ. 1977ರ ಹೊತ್ತಿಗೆ ಜರ್ಮನಿ ಅವರನ್ನು ಮತ್ತೆ ನೆನಪಿಸಿಕೊಂಡಿತು. ಆಗ ಅವರಿಗೆ 83 ವರ್ಷ. 1982ರಲ್ಲಿ ಲಂಡನ್‌ನಲ್ಲೇ ತೀರಿಕೊಂಡರು. ಆ ದೊಡ್ಡ ಕಾದಂಬರಿಗೆ ಜರ್ಮನಿಯಲ್ಲಿ ನಿಜವಾದ ಮೆಚ್ಚುಗೆ ಸಿಕ್ಕಿದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ. ಇದು ನನಗೆ ಬಹಳ ನೋವು ತರುತ್ತದೆ.

ನಮ್ಮ ಕೋರ್ಟುಗಳಲ್ಲೂ ಅಂಥ ಬರಹಕ್ಕೆ ಬೇಕಾದದ್ದೆಲ್ಲ ಇದೆ. ಜೀವನಾಂಶದ ಕೇಸಿಗೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಮುಂದಿನ ತಾರೀಕು ಬರೆಸಿಕೊಂಡು ಬಸ್ಸಿಗೆ ಓಡುವ ಹೆಣ್ಣುಮಕ್ಕಳನ್ನು ನಾನು ದಿನವೂ ನೋಡಿದ್ದೇನೆ. ಚೆಕ್ ಬೌನ್ಸ್ ಕೇಸುಗಳ ರಾಶಿ ನೋಡಿದರೆ ಊರಲ್ಲಿ ಯಾರು ಯಾರಿಗೆ ಸಾಲಗಾರರು ಅಂತ ತಿಳಿಯುತ್ತದೆ. ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಮರದ ಕೆಳಗೆ ನಿಂತಿರುತ್ತಾರೆ.

ವಾರಕ್ಕೊಂದು ದಿನ, ಅರ್ಧ ಪುಟ ಕೊಡಿ. ಯುವ ವರದಿಗಾರರೊಬ್ಬರನ್ನು ಒಂದೊಂದು ವಾರ ಒಂದೊಂದು ತಾಲ್ಲೂಕು ಕೋರ್ಟಿಗೆ ಕಳಿಸಿ. ಕಕ್ಷಿಗಾರರ ಹೆಸರು ಹಾಕುವುದು ಬೇಡ. ಬೆಳಗ್ಗೆ ಕೇಸು ಕೂಗುವುದರಿಂದ ಸಂಜೆ ಕೋರ್ಟು ಏಳುವವರೆಗೆ ಅವರು ಅಲ್ಲೇ ಕೂತಿರಲಿ.

ಇತಿ,
ನಿವೃತ್ತ ಬೆಂಚ್ ಕ್ಲರ್ಕ್, ಹಾಸನ ಜಿಲ್ಲೆ