ಹತ್ತೋದಲ್ಲ ಕಣೋ, ಇಳಿಯೋದು!

ಗೆಳೆಯಾ,

ಫ್ರಾನ್ಸಿನ ಆಲ್ಪ್ಸ್‌ಗೆ ಸ್ಕೀ ಮಾಡೋಕೆ ಹೊರಟಿರೋದು ಖುಷಿಯ ವಿಷಯ. ಆದರೆ "ಫೋರ್ ವೀಲ್ ಡ್ರೈವ್ ಗಾಡಿ ಬುಕ್ ಮಾಡಿದ್ದೀನಿ, ಇನ್ನೇನು ಚಿಂತೆ" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಚಿಂತೆ ಹತ್ತಿದ್ದು ನನಗೆ.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಕ್ಕರೆ ಗಾಡಿ ಚೆನ್ನಾಗಿ ಹತ್ತುತ್ತೆ, ಒಪ್ಪಿದೆ. ಆದರೆ ಬ್ರೇಕು ಎಲ್ಲಾ ಕಾರಿಗೂ ನಾಲ್ಕು ಚಕ್ರಕ್ಕೇ ಇರೋದು ತಾನೇ? ನಿಲ್ಲಿಸೋ ಹೊತ್ತಿಗೆ ನಿನ್ನ ದೊಡ್ಡ ಗಾಡಿಯೂ ಅಷ್ಟೇ, ಹಿಂದೆ ಬರೋ ಪುಟ್ಟ ಕಾರೂ ಅಷ್ಟೇ. ಸಲೀಸಾಗಿ ಹತ್ತಿಬಿಡೋ ಗಾಡಿಯ ದೊಡ್ಡ ತೊಂದರೆ ಅಂದ್ರೆ, ರಸ್ತೆ ಎಷ್ಟು ಜಾರ್ತಿದೆ ಅಂತ ಗೊತ್ತೇ ಆಗೋದಿಲ್ಲ. ಗೊತ್ತಾಗೋದು ಇಳಿಯುವಾಗ.

ಒಂದು ಲೆಕ್ಕ ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ಒಣಗಿದ ಡಾಂಬರಿನ ಮೇಲೆ ಟೈರಿನ ಹಿಡಿತ ಗಾಡಿಯ ತೂಕದ ಸುಮಾರು ಮುಕ್ಕಾಲು ಭಾಗ. ಗಟ್ಟಿಯಾದ ಹಿಮದ ಮೇಲೆ ಕಾಲು ಭಾಗದ ಆಸುಪಾಸು. ಮಂಜುಗಡ್ಡೆ ಮೇಲೆ ಹತ್ತರಲ್ಲಿ ಒಂದು ಭಾಗ, ಕೆಲವು ಸಲ ಅದೂ ಇಲ್ಲ. ಈಗ ರಸ್ತೆ ಶೇ 10ರ ಇಳಿಜಾರು ಅಂತಿಟ್ಕೋ, ಆ ಕಡೆ ಇದೇನೂ ಅಪರೂಪ ಅಲ್ಲ. ಗಾಡಿಯನ್ನು ಕೆಳಗೆ ಎಳೆಯೋ ಬಲವೂ ತೂಕದ ಹತ್ತನೇ ಒಂದು ಭಾಗವೇ. ಎರಡೂ ಸಮ. ಬ್ರೇಕಿಗೆ ಅಂತ ಉಳಿಯೋದು ಸೊನ್ನೆ! ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ಎಬಿಎಸ್ ಕಾಲಡಿ ಪೆಡಲನ್ನು ಗಡಗಡ ನಡುಗಿಸುತ್ತೆ, ಸ್ಟೀರಿಂಗ್ ಕೈಲಿರೋ ಹಾಗೆ ನೋಡ್ಕೊಳ್ಳುತ್ತೆ, ಆದರೆ ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ಅದಕ್ಕೇ ಇಳಿಜಾರು ಶುರುವಾಗೋ ಮುಂಚೆಯೇ ಗೇರ್ ಇಳಿಸು. ಆಟೊಮ್ಯಾಟಿಕ್ ಆದರೂ ಕೈಯಿಂದ ಎರಡಕ್ಕೋ ಒಂದಕ್ಕೋ ಹಾಕೋಕೆ ಬರುತ್ತೆ. ಎಂಜಿನ್ನೇ ಗಾಡಿಯನ್ನು ತಡೆದು ಹಿಡೀಲಿ. (ಈ ತಡೆ ನಾಲ್ಕೂ ಚಕ್ರಕ್ಕೆ ಹಂಚಿಹೋಗೋದು ಫೋರ್ ವೀಲ್ ಡ್ರೈವ್‌ನ ಒಂದು ಲಾಭ, ಅದನ್ನು ಇಲ್ಲ ಅನ್ನಲ್ಲ.) ಹೇರ್‌ಪಿನ್ ಬಂದಾಗ ಬ್ರೇಕಿನ ಕೆಲಸ ನೇರ ರಸ್ತೆಯಲ್ಲೇ ಮುಗಿಸಿ, ಕಾಲು ತೆಗೆದು, ಆಮೇಲೆ ತಿರುಗಿಸು. ಟೈರಿಗೆ ಇರೋ ಹಿಡಿತ ಅಷ್ಟೇ. ನಿಲ್ಲಿಸೋಕೂ ತಿರುಗೋಕೂ ಒಟ್ಟಿಗೆ ಕೇಳಿದರೆ ಎರಡಕ್ಕೂ ಸಾಲದು. ನ್ಯೂಟ್ರಲ್ ಮಾತ್ರ ಬೇಡವೇ ಬೇಡ. ಹತ್ತುವಾಗ ಮುಂದಿನ ಗಾಡಿಗೆ ಧಾರಾಳ ಜಾಗ ಬಿಡು, ಅವನು ಸಿಕ್ಕಿಕೊಂಡರೂ ನೀನು ಏರಿನಲ್ಲಿ ನಿಲ್ಲೋ ಹಾಗಾಗಬಾರದು.

ಕಡು ಚಳಿಗಿಂತ ಸೊನ್ನೆ ಡಿಗ್ರಿ ಆಸುಪಾಸಿನ ಮಂಜುಗಡ್ಡೆ ಹೆಚ್ಚು ಜಾರುತ್ತೆ, ಮೇಲೆ ನೀರಿನ ತೆಳು ಪದರ ಇರುತ್ತಲ್ಲ. ಮಧ್ಯಾಹ್ನದ ಬಿಸಿಲಿಗೆ ಕರಗಿ ರಸ್ತೆಗೆ ಹರಿದ ನೀರು ಸಂಜೆ ಹೊತ್ತಿಗೆ ಗಾಜಿನಂತೆ ಹೆಪ್ಪುಗಟ್ಟುತ್ತೆ. ಸ್ಕೀ ಮಾಡೋರನ್ನು ಬೆಟ್ಟ ಹತ್ತಿಸೋ ಲಿಫ್ಟ್ ನಿಲ್ಲೋದೂ ಸುಸ್ತಾದ ಜನರೆಲ್ಲ ಸಾಲುಗಟ್ಟಿ ಇಳಿಯೋದೂ ಅದೇ ಹೊತ್ತಲ್ಲಿ! ಬೆಟ್ಟದ ನೆರಳು ಬೀಳೋ ತಿರುವು, ಸೇತುವೆ, ಇವೆರಡರ ಮೇಲೆ ಕಣ್ಣಿಡು.

ಇನ್ನು ಟೈರು. ಅಲ್ಲಿ 2021ರ ನವೆಂಬರ್‌ನಿಂದ ಕಾನೂನೇ ಇದೆ: ನವೆಂಬರ್ 1ರಿಂದ ಮಾರ್ಚ್ 31ರವರೆಗೆ, ಗುರುತಿಸಿದ ಬೆಟ್ಟದ ಪ್ರದೇಶಗಳಲ್ಲಿ ನಾಲ್ಕೂ ಚಕ್ರಕ್ಕೆ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತೋ ಚೈನು ಕನಿಷ್ಠ ಎರಡು ಚಕ್ರಕ್ಕಾಗುವಷ್ಟು ಗಾಡಿಯಲ್ಲಿರಬೇಕು. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಒಳಗೊಂದು ಹಿಮದ ಹರಳು, ಈ ಗುರುತು ಹುಡುಕು. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ ಅನ್ನೋ ಗುರುತು) ಅಂತಿದ್ದರೆ 2024ರ ನವೆಂಬರ್‌ನಿಂದ ನಡೆಯಲ್ಲ. ನೀಲಿ ದುಂಡು ಫಲಕದಲ್ಲಿ ಚೈನು ಸುತ್ತಿದ ಚಕ್ರದ ಚಿತ್ರ ಕಂಡರೆ ಗಾಡಿ ಬದಿಗೆ ಹಾಕಿ ಚೈನು ಕಟ್ಟಲೇಬೇಕು.

ಆ ಕೆಲಸ ಹೇಗಿರುತ್ತೆ ಗೊತ್ತಾ? ಕೆಸರುಹಿಮದಲ್ಲಿ ಮಂಡಿಯೂರಿ, ಚಕ್ರದ ಹಿಂದಕ್ಕೆ ಕೈ ತೂರಿಸಿ, ಕಾಣದ ಕೊಕ್ಕೆಯನ್ನು ಬೆರಳಲ್ಲೇ ತಡಕಿ ಸಿಕ್ಕಿಸಬೇಕು. ಗ್ಲೌಸ್ ಹಾಕಿಕೊಂಡರೆ ಕೊಕ್ಕೆ ಸಿಗಲ್ಲ, ತೆಗೆದರೆ ಬೆರಳು ಮರಗಟ್ಟುತ್ತೆ. ಆದ್ದರಿಂದ ಗಾಡಿ ಕೈಗೆ ಬಂದ ದಿನವೇ ಒಣಗಿದ ಜಾಗದಲ್ಲಿ ಒಮ್ಮೆ ಕಟ್ಟಿ ಬಿಚ್ಚು. ಯಾವ ಚಕ್ರಕ್ಕೆ ಕಟ್ಟಬೇಕು ಅನ್ನೋದನ್ನು ಗಾಡಿಯ ಪುಸ್ತಕದಲ್ಲಿ ನೋಡು. ಕಟ್ಟಿದ ಮೇಲೆ ಸ್ವಲ್ಪ ದೂರ ಹೋಗಿ ಮತ್ತೆ ಬಿಗಿ ಮಾಡು, 50 ಕಿ.ಮೀ. ವೇಗ ದಾಟಿಸಬೇಡ.

ಬಾಡಿಗೆಗೆ ಕೊಡೋರು "ಎಲ್ಲಾ ಹಾಕಿಸಿದ್ದೀವಿ ಸರ್" ಅಂದರೆ ನಂಬಿ ಹೊರಟುಬಿಡಬೇಡ. ನಾಲ್ಕೂ ಟೈರಿನ ಪಕ್ಕದ ಫೋಟೋ ತೆಗೆದು ನನಗೆ ಕಳಿಸು, ನೋಡಿ ಹೇಳ್ತೀನಿ.

ಇಂತಿ ನಿನ್ನ ಗೆಳೆಯ